ಕೇಕಿನ ಅಂಚು

ಮಾರ್ಚ್ ೩, ಸೋಮವಾರ

"ಕೊಟ್ಟ ಕೈ ಹಗುರ, ಪಡೆದ ಕೈ..." ಮುಂದಿನದು ನೆನಪಾಗುತ್ತಿಲ್ಲ. ಎಂ.ಎ. ಓದುವಾಗ ಕಾಲೇಜಿನ ಗೋಡೆಪತ್ರಿಕೆಯಲ್ಲಿ ಯಾರೋ ಬರೆದಿದ್ದ ಪದ್ಯ. ಪಡೆದ ಕೈ ಏನಾಗುತ್ತದೆ? ಭಾರವೇ? ಬೆಚ್ಚಗೆಯೇ? ಮೊದಲರ್ಧವಾದರೂ ನಿಜವೇ ಎಂದು ಆಗಲೇ ಅನುಮಾನವಿತ್ತು. ಪದ್ಯ ಬರೆಯುವವರಿಗೆ ಕೈ, ಎದೆ ಎಂದು ಎರಡು ಅಂಗ ಸಿಕ್ಕರೆ ಸಾಕು, ಏನು ಬೇಕಾದರೂ ಹೇಳಿಬಿಡುತ್ತಾರೆ.

ಆದರೆ ಇವತ್ತು ಬೆಳಿಗ್ಗೆ ನನ್ನ ಕೈ ನಿಜಕ್ಕೂ ಹಗುರಾಯಿತು.

ಹೋದ ವಾರ ಡಾಕ್ಟರು ರಕ್ತದ ವರದಿ ನೋಡಿ ಕನ್ನಡಕವನ್ನು ಹಣೆಗೇರಿಸಿದರು. ತುಂಬಾ ಬಾಯಾರಿಕೆಯಾ, ಪದೇ ಪದೇ ಬಾತ್‌ರೂಮಿಗೆ ಹೋಗ್ತೀರಾ, ಕಣ್ಣು ಮಂಜಾಗುತ್ತಾ ಎಂದೆಲ್ಲ ಕೇಳಿದರು. "ಮೂರು ತಿಂಗಳು ಟೈಮ್ ಕೊಡ್ತೀನಿ. ನಡೀರಿ, ಸಕ್ಕರೆ ಬಿಡಿ, ದಿನಾ ಪಾದ ನೋಡ್ಕೊಳ್ಳಿ. ಇಳೀಲಿಲ್ಲ ಅಂದ್ರೆ ಮಾತ್ರೆ." ಪಾದ ಯಾಕೆ ಎಂದೆ. "ಸಕ್ಕರೆ ಇರೋರಿಗೆ ಕಾಲಿನ ಗಾಯ ಗೊತ್ತೇ ಆಗಲ್ಲ, ಕೊಳೆಯೋ ತನಕ."

ಹಾಗಾಗಿ ನಡಿಗೆ ಶುರು. ಉಳಿದ ತೊಂದರೆ ಎದುರು ಮನೆಯಾಕೆಯದು. ನಮ್ಮ ಮಹಡಿಯಲ್ಲಿ ಎರಡೇ ಮನೆ. ಮಗಳ ಮದುವೆಯಾದ ಮೇಲೆ ಅವರು ಓವನ್ ಕೊಂಡು ಆರ್ಡರಿಗೆ ಕೇಕು ಮಾಡುತ್ತಾರೆ. ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಕೇಕಮ್ಮ. ಎರಡು ಮೂರು ದಿನಕ್ಕೊಮ್ಮೆ ಬಾಗಿಲು ತಟ್ಟುತ್ತಾರೆ. "ಅಂಚು ಉಳೀತು ಕಣ್ರೀ. ಚೌಕ ಕತ್ತರಿಸಬೇಕಲ್ಲ, ನಾಲ್ಕೂ ಕಡೆ ಹೋಗುತ್ತೆ. ಸುಮ್ನೆ ಹಾಳು, ತಗೊಳ್ಳಿ." ತಟ್ಟೆ ಹಿಡಿಸುವಷ್ಟು ಬಾಗಿಲು ತೆರೆಯುತ್ತೇನೆ, ಇಸಿದುಕೊಂಡು ಮುಚ್ಚುತ್ತೇನೆ. ಸಕ್ಕರೆ ವಿಷಯ ಹೇಳಿಲ್ಲ. ಹೇಳಿದರೆ ಕೂರಿಸಿ ಮಾತಾಡಬೇಕು, ಆಮೇಲೆ ಇಡೀ ಕಟ್ಟಡಕ್ಕೆ ಡಂಗುರ.

ಬೆಳಿಗ್ಗೆ ಆ ಅಂಚನ್ನು ಹಳೇ ಪ್ರೂಫ್ ಹಾಳೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ನನ್ನದು. ನಮ್ಮನೆಯಲ್ಲಿ ಮತ್ತೇನಿಲ್ಲದಿದ್ದರೂ ಕೆಂಪು ಗೀಟಿನ ಹಾಳೆಗಳಿಗೆ ಬರವಿಲ್ಲ. ರಸ್ತೆ ತಿರುವಿನ ಕಸದ ತೊಟ್ಟಿಗೆ ಹಾಕುವುದೆಂದು ಹೋದೆ. ತಿನ್ನುವ ಪದಾರ್ಥ ಎಸೆದರೆ ಕೈ ಉದುರುತ್ತದೆ ಎಂದು ಬೆಳೆಸಿದವರ ಮಗಳು ನಾನು, ಕೈ ಮುಂದಾಗಲಿಲ್ಲ. ತೊಟ್ಟಿಯ ಪಕ್ಕದಲ್ಲೇ ಕೀಲಿ ಮಾಡುವವರೊಬ್ಬರು ಕೂರುತ್ತಾರೆ. ತಲೆ ಎತ್ತಿ, "ಏನ್ ಮೇಡಂ, ಕೀಲಿ ಕಳೆದುಹೋಯ್ತಾ?" ಎಂದರು. ಕದಿಯುತ್ತ ಸಿಕ್ಕಿಬಿದ್ದವಳ ಹಾಗೆ ಪೊಟ್ಟಣ ಅವರ ಕಡೆ ಚಾಚಿದೆ. "ಕೇಕು. ನಿಮಗೇ."

ಅವರ ಮುಖ ಅರಳಿದ್ದನ್ನು ಇಲ್ಲಿ ಬರೆಯಲಾರೆ. ಮನೆಗೆ ಬಂದಾಗ ಕೈ ಹಗುರ, ಮನಸ್ಸೂ ಹಗುರ.

ಮಾರ್ಚ್ ೬, ಗುರುವಾರ

ಮತ್ತೆ ಅಂಚು. ಮತ್ತೆ ಕೀಲಿಯವರು. "ನೀವೇ ಮಾಡಿದ್ದಾ ಮೇಡಂ?" ಎಂದು ಕೇಳಿದರು. ಹೂಂ ಎಂದೆನೋ ಉಹೂಂ ಎಂದೆನೋ, ಗಂಟಲಲ್ಲಿ ಒಂದು ಸದ್ದು ಮಾಡಿದೆ.

"ಬಾಯಲ್ಲಿಟ್ರೆ ಕರಗುತ್ತೆ ಬಿಡಿ," ಎಂದರು.

ಮಾರ್ಚ್ ೧೪, ಶುಕ್ರವಾರ

ಚಹಾಕ್ಕೆ ಸಕ್ಕರೆ ಬಿಟ್ಟದ್ದು ಮೊದಲ ಮೂರು ದಿನ ಶೋಕದಂತಿತ್ತು, ಈಗ ಅಭ್ಯಾಸವಾಗಿದೆ. ಪ್ರೆಸ್ಸಿನಲ್ಲಿ ಮಧ್ಯಾಹ್ನ ಎಲ್ಲರೂ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುವಾಗ ಸೌತೆಕಾಯಿ ಹೆಚ್ಚಿಕೊಂಡು ತಿನ್ನುತ್ತೇನೆ. ಕಂಪೋಸ್ ಮಾಡುವ ಹುಡುಗಿ, "ಮೇಡಂ ಹತ್ರ ಹೋದ್ರೆ ತೋಟದ ವಾಸನೆ," ಎಂದಳು. ಸಂಜೆ ಕೈಗನ್ನಡಿ ಹಿಡಿದು ಪಾದ ನೋಡಿಕೊಳ್ಳುತ್ತೇನೆ, ಬೆರಳ ಸಂದಿ, ಹಿಮ್ಮಡಿ. ನಲವತ್ತೆಂಟು ವರ್ಷ ಹೊತ್ತು ತಿರುಗಿದ ಪಾದವನ್ನು ಇಷ್ಟು ಗಮನವಿಟ್ಟು ನೋಡಿರಲೇ ಇಲ್ಲ.

ಕೀಲಿಯವರು ಇವತ್ತು "ಅಕ್ಕ" ಎಂದರು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಆದರೂ ಅಕ್ಕ. "ಅಕ್ಕ, ನಿಮ್ ಕೇಕ್ ತಿನ್ನೋಕೆ ಅಂತ್ಲೇ ಬೆಳಿಗ್ಗೆ ಬೇಗ ಬರ್ತಿದೀನಿ. ನಮ್ಮನೆಯವಳಿಗೆ ಆಶ್ಚರ್ಯ, ಈ ಸೋಮಾರಿಗೆ ಏನಾಯ್ತು ಅಂತ." ಹಿಂದಕ್ಕೆ ತಿರುಗಿ ನಡೆದಾಗ ಹೆಜ್ಜೆಗೆ ರೆಕ್ಕೆ ಬಂದಂತಿತ್ತು. ಆರೋಗ್ಯಕ್ಕೂ ಆಯಿತು, ಇನ್ನೊಬ್ಬರ ಬಾಯಿ ಸಿಹಿಗೂ ಆಯಿತು. ಒಂದೇ ಕಲ್ಲಿಗೆ ಎರಡು ಹಕ್ಕಿ.

ಮಾರ್ಚ್ ೨೨, ಶನಿವಾರ

ಮನೆಯ ಬೀಗಕ್ಕೆ ಇನ್ನೊಂದು ಕೀಲಿ ಮಾಡಿಸಿದೆ. ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿದರು. ಅರದಿಂದ ಎರಡು ಸಲ ಉಜ್ಜುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ನಡುನಡುವೆ ಪಕ್ಕದ ದೊಡ್ಡ ಬಾಟಲಿ ಎತ್ತಿ ಗಟಗಟ ನೀರು. ನಾನಿದ್ದ ಹೊತ್ತಿನಲ್ಲೇ ಬಾಟಲಿ ಖಾಲಿ. "ಹಿಂದಿನ ಜನ್ಮದಲ್ಲಿ ಮೀನಾಗಿದ್ದೆ ಅನ್ಸುತ್ತೆ," ಎಂದರು. ಬಿಸಿಲೂ ಹಾಗೇ ಇದೆ.

"ಇನ್ನೊಂದು ಕೀಲಿ ಯಾರ ಹತ್ರ ಇರುತ್ತೆ ಅಕ್ಕ?"

"ಯಾರ ಹತ್ರಾನೂ ಇಲ್ಲ. ನಾನೊಬ್ಬಳೇ."

"ಹಂಗಾದ್ರೆ ಎರಡನೇದು ಯಾತಕ್ಕೆ?"

"ಇರಲಿ ಅಂತ."

ಅವರು ನಕ್ಕರು. ನಾನೂ. ಕೀಲಿಯನ್ನು ಚಮಚದ ಡಬ್ಬಿಯಲ್ಲಿಟ್ಟಿದ್ದೇನೆ.

ಏಪ್ರಿಲ್ ೨, ಬುಧವಾರ

ಕೇಕಮ್ಮ ಬಂದರು. ಈ ಸಲದ ಅಂಚಿನ ಮೇಲೆ ಒಂದು ಚೆರ್ರಿ ಹಣ್ಣು. ಅಂಚಿಗೂ ಅಲಂಕಾರ. ಹೊಸ್ತಿಲ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತು, "ಒಬ್ಬರೇ ಏನು ಮಾಡ್ತಿದ್ರಿ?" ಎಂದರು. ಒಲೆ ಮೇಲೆ ಹಾಲಿದೆ ಎಂದೆ. ಹಾಲಿರಲಿಲ್ಲ. ಕವಿತೆಯ ಪುಸ್ತಕವೊಂದು ಮಗುಚಿಕೊಂಡು ಕಾಯುತ್ತಿತ್ತು.

ಏಪ್ರಿಲ್ ೧೯, ಶನಿವಾರ

ಎರಡು ಕೆ.ಜಿ. ಇಳಿದಿದ್ದೇನೆ. ಹಳೇ ರವಿಕೆಗಳು ಸಡಿಲ.

ಕೀಲಿಯವರ ಸ್ಟೂಲು ಖಾಲಿ, ಅದರ ಮೇಲೆ "ಈಗ ಬರ್ತೀನಿ" ಎಂಬ ರಟ್ಟು. ಈಚೆಗೆ ಹೋದಾಗಲೆಲ್ಲ ಇದೇ. ಎದುರಿನ ಪೆಟ್ರೋಲ್ ಬಂಕಿನ ಬಾತ್‌ರೂಮಿನಿಂದ ಬರುತ್ತಾರೆ, "ವಯಸ್ಸಾಯ್ತು ಅಕ್ಕ, ನಲ್ಲಿ ನಿಲ್ಲಲ್ಲ," ಎನ್ನುತ್ತ. ಎಡಗಾಲಿನ ಚಪ್ಪಲಿಯ ಮುಂಭಾಗ ಕತ್ತರಿಸಿಕೊಂಡಿದ್ದಾರೆ. ಕೇಳಿದ್ದಕ್ಕೆ, "ಹೊಸದು, ಕಚ್ಚುತ್ತೆ. ನೋವೇನಿಲ್ಲ," ಎಂದರು. ಗಿರಾಕಿಯೊಬ್ಬರ ಕೀಲಿಯ ಮೇಲಿನ ಅಂಕಿ ಓದಿಕೊಡಿ ಎಂದು ನನ್ನ ಕಡೆ ಹಿಡಿದರು. ಓದಿದೆ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ತಪ್ಪು ಹಿಡಿಯುವುದಕ್ಕೇ ತಾನೇ ಸಂಬಳ.

ಪೊಟ್ಟಣ ಕೊಟ್ಟೆ. ಒಂದು ಕ್ಷಣ ಅದನ್ನು ಹಾಗೇ ಹಿಡಿದುಕೊಂಡಿದ್ದು, "ನೀವು ಕೊಟ್ಟ ಮೇಲೆ ಬೇಡ ಅನ್ನೋದುಂಟಾ," ಎಂದರು.

ಮೇ ೫, ಸೋಮವಾರ

ತಿರುವಿನಲ್ಲಿ ಕೀಲಿಯವರಿಲ್ಲ. ಹೋದ ವಾರವೂ ಇರಲಿಲ್ಲ. ಅವರ ಕೀಲಿಗೊಂಚಲು ತೂಗುವ ಮೊಳೆಯಷ್ಟೇ ಗೋಡೆಯಲ್ಲಿ. ಕೇಕನ್ನು ತೊಟ್ಟಿಯ ಅಂಚಿನ ಮೇಲಿಟ್ಟು ಬಂದೆ. ಕೋಪ ಬಂದಿತ್ತು, ಯಾರ ಮೇಲೆ ಎಂದು ಗೊತ್ತಿಲ್ಲ.

ಮೇ ೮, ಗುರುವಾರ

ಪೆಟ್ರೋಲ್ ಬಂಕಿನಲ್ಲಿ ವಿಚಾರಿಸಿದೆ. ಗಾಳಿ ತುಂಬುವವರು ಪೈಪು ಬಿಡದೆಯೇ ಹೇಳಿದರು: "ಅವ್ರಾ? ದೊಡ್ಡಾಸ್ಪತ್ರೇಲಿದಾರೆ. ಕಾಲಿಗೇನೋ ಆಯ್ತಂತೆ. ಸಕ್ಕರೆ ಇತ್ತಲ್ಲ ಅವರಿಗೆ, ಎಷ್ಟೋ ವರ್ಷದಿಂದ."

ಪ್ರೆಸ್ಸಿಗೆ ಹೋದೆ. ಇಡೀ ದಿನ ಒಂದೇ ಪುಟ. ಒಂದು ತಪ್ಪೂ ಕಾಣಲಿಲ್ಲ, ಆದರೆ ಏನು ಓದಿದೆನೆಂದೂ ಗೊತ್ತಿಲ್ಲ.

ನೀರಿನ ಬಾಟಲಿ. ಪೆಟ್ರೋಲ್ ಬಂಕಿನ ಬಾತ್‌ರೂಮು. ಕಣ್ಣು. ಚಪ್ಪಲಿ. ಡಾಕ್ಟರು ಕೇಳಿದ್ದನ್ನೆಲ್ಲ ನಾನೇ ಇಲ್ಲಿ ಬರೆದಿಟ್ಟಿದ್ದೇನೆ, ಒಂದರ ಕೆಳಗೊಂದು. ದಿನಾ ಸಂಜೆ ಕೈಗನ್ನಡಿ ಹಿಡಿದು ನನ್ನ ಬೆರಳು ಎಣಿಸಿಕೊಂಡೆ.

ಮೇ ೯, ಶುಕ್ರವಾರ

ಹೋಗಿಬಂದೆ.

ಉದ್ದನೆಯ ವಾರ್ಡು, ಹಸಿರು ಬಣ್ಣದ ಅರ್ಧ ಗೋಡೆ. ಕೊನೆಯ ಕಿಟಕಿಯ ಪಕ್ಕದ ಮಂಚದಲ್ಲಿ ಅವರು, ಎಡಪಾದಕ್ಕೆ ಬಿಳೀ ಕಟ್ಟು. ಹೆಬ್ಬೆರಳು ತೆಗೆದಿದ್ದಾರೆ. ನನ್ನನ್ನು ನೋಡಿ ಏಳಲು ಹೋದರು.

"ಅಯ್ಯೋ ಅಕ್ಕ, ಇಲ್ಲೀ ತನಕ ಯಾಕೆ ಬಂದ್ರಿ? ಏ, ಇವರೇ ಕಣೇ, ಕೇಕಿನ ಅಕ್ಕ."

ಅವರ ಹೆಂಡತಿ ಮಂಚದ ಕೆಳಗೆ ಫ್ಲಾಸ್ಕು ತೊಳೆದಿಡುತ್ತಿದ್ದರು. ಎದ್ದು ನಿಂತು ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಕೂತ್ಕೊಳ್ಳಿ," ಎಂದರು. "ಮನೇಲಿ ಒಂದು ಚಿಟಿಕೆ ಸಕ್ಕರೆ ಕಣ್ಣಿಗೆ ಕಾಣೋ ಹಾಗೆ ಇಡಲ್ಲ ನಾನು. ಎಂಟು ವರ್ಷದಿಂದ ಕಾವಲು ಕಾದಿದೀನಿ. ಬೀದೀಲಿ ಯಾರು ಕಾಯ್ತಾರೆ ಹೇಳಿ."

"ನನಗೆ ಗೊತ್ತಿರಲಿಲ್ಲ," ಎಂದೆ. ಅದು ಅರ್ಧ ನಿಜ.

"ಅವರಿಗೆ ಹೆಂಗೆ ಗೊತ್ತಾಗಬೇಕು? ನಾನು ಹೇಳಿದ್ರೆ ತಾನೆ," ಎಂದರು ಕೀಲಿಯವರು. "ಹೇಳೋಣ ಅಂದ್ಕೋತಿದ್ದೆ ಅಕ್ಕ. ಆದ್ರೆ ನೀವು ಅಷ್ಟು ಬೆಳಿಗ್ಗೆ ಎದ್ದು, ಕೈಯಾರೆ ಮಾಡಿ, ಕಾಗದದಲ್ಲಿ ಅಂದವಾಗಿ ಸುತ್ತಿ ತರೋರು. ಬೇಡ ಅಂತ ಯಾವ ಬಾಯಲ್ಲಿ ಹೇಳೋದು? ನಂಗೆ ಹಂಗೆ ಮಾಡಿಕೊಟ್ಟೋರು ಯಾರಿದ್ರು?"

"ನಾನು ಮಾಡಿ ಹಾಕಿದ್ದು ನೆನಪಿಲ್ಲ ಇವರಿಗೆ," ಎಂದರು ಹೆಂಡತಿ.

"ನೀನು ಮಾಡೋದು ಮುದ್ದೆಯಂಥ ಔಷಧಿ. ಅಕ್ಕನ ಕೇಕ್ ಬೇರೆ." ಆಮೇಲೆ ಕಟ್ಟಿನ ಕಡೆ ನೋಡಿಕೊಂಡು, "ಗೊಂಚಲಲ್ಲಿ ಒಂದು ಕೀಲಿ ಉದುರಿತು, ಅಷ್ಟೇ. ಇನ್ನೂ ಒಂಬತ್ತಿದೆ," ಎಂದರು.

ನಾನು ಕಿಟಕಿ ನೋಡಿದೆ. ಬರುವಾಗ ಹೆಂಡತಿ ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದರು: "ನೀವು ತಿಂತಿದ್ರಾ ಅದನ್ನ?"

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಂದೆ.

ಮೇ ೧೦, ಶನಿವಾರ

ನಡೆಯಲು ಹೋಗಲಿಲ್ಲ.

ಮೇ ೧೧, ಭಾನುವಾರ

ಅಕ್ಕ ಫೋನು ಮಾಡಿದ್ದಳು. ಸ್ವಂತ ಅಕ್ಕ. ಎಲ್ಲ ಹೇಳಿದೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ಕಣೇ ನೀನು. ಎಂಟು ವರ್ಷದ ಕಾಯಿಲೆ, ನಿನ್ನ ನಾಲ್ಕು ತುಂಡು ಕೇಕಿಂದ ಬೆರಳು ಹೋಗುತ್ತಾ?" ಎಂದಳು.

ಹೋಗುವುದಿಲ್ಲ ಎಂದು ನನಗೂ ಗೊತ್ತು. ಬೆರಳಿನ ಮಾತೇ ಬೇರೆ. ನನಗೆ ವಿಷ ಎಂದು ತಿಳಿದ ಮೇಲೆ ಅದನ್ನು ಇನ್ನೊಬ್ಬರ ಬಾಯಿಗೆ ಇಟ್ಟೆನಲ್ಲ, ಅವರ ಬಾಯಿಯೂ ನನ್ನಂಥದೇ ಇರಬಹುದು ಎಂಬ ಯೋಚನೆ ಒಂದು ಬೆಳಿಗ್ಗೆಯೂ ಬರಲಿಲ್ಲ. ತೊಟ್ಟಿಗೂ ಅವರಿಗೂ ನಡುವೆ ಎರಡು ಮಾರು ಜಾಗ. ನಾನು ಎರಡು ಮಾರು ಈಚೆಗೆ ಕೈ ಚಾಚಿದೆ, ಅಷ್ಟೇ. ಅವರು ಅದನ್ನು ಪ್ರೀತಿ ಎಂದು ತಿಂದರು.

ಮೇ ೨೯, ಗುರುವಾರ

ಮತ್ತೆ ರಕ್ತಪರೀಕ್ಷೆ. ಡಾಕ್ಟರು ವರದಿಯನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ಕುಟ್ಟಿದರು. "ಭೇಷ್. ಎಲ್ಲರಿಗೂ ನಿಮ್ಮನ್ನೇ ತೋರಿಸಬೇಕು. ಹೇಗೆ ಸಾಧಿಸಿದ್ರಿ ಸಿಹಿ ಬಿಡೋದು?"

"ಬೇರೆಯವರಿಗೆ ಕೊಟ್ಟೆ," ಎಂದೆ. ಜೋಕೆಂದುಕೊಂಡು ನಕ್ಕರು.

ಜೂನ್ ೯, ಸೋಮವಾರ

ಮೊಳೆಯಲ್ಲಿ ಗೊಂಚಲು. ಕೀಲಿಯವರು ಬಂದಿದ್ದಾರೆ. ಸೊರಗಿದ್ದಾರೆ, ಪಕ್ಕದಲ್ಲಿ ಊರುಗೋಲು. ದಿನಾ ಸ್ವಲ್ಪ ನಡೆಯಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರಂತೆ. "ಒಬ್ಬನೇ ನಡೆದ್ರೆ ನಾಯಿ ಅಟ್ಟಿಸಿಕೊಂಡು ಬರುತ್ತೆ ಅಕ್ಕ, ಓಡೋಕಾಗಲ್ಲ," ಎಂದರು. ಬನ್ನಿ ಎಂದೆ. ಬೀದಿ ದೀಪದ ಕಂಬದ ತನಕ ಹೋಗಿ ಬಂದೆವು. ಅಷ್ಟಕ್ಕೇ ಅರ್ಧ ಗಂಟೆ. ಇವತ್ತು ನನ್ನ ನಡಿಗೆ ಆಗಲಿಲ್ಲ.

ಜೂನ್ ೧೩, ಶುಕ್ರವಾರ

ಇವತ್ತೂ ಕಂಬದ ತನಕ. ಬೆವರೇ ಬರಲಿಲ್ಲ. ಅವರ ಮೊದಲ ಬೀಗದ ಕಥೆ ಕೇಳಿದೆ: ಹದಿಮೂರು ವರ್ಷಕ್ಕೆ ಶಾಲೆಯ ಹೆಡ್ಮಾಸ್ತರ ಬೀರು ತೆಗೆದುಕೊಟ್ಟು, ಬಹುಮಾನಕ್ಕೆ ಎರಡೇಟು ತಿಂದದ್ದು. ಪ್ರೆಸ್ಸಿಗೆ ತಡವಾಯಿತು. ಪಾದ ನೋಡಿಕೊಳ್ಳುವುದು ಎರಡು ದಿನದಿಂದ ಮರೆತೇ ಹೋಗಿದೆ.

ಕೇಕಮ್ಮನ ಅಂಚುಗಳು ಫ್ರಿಜ್ಜಿನಲ್ಲಿ ಒಣಗುತ್ತಿವೆ. ತಿನ್ನುವಂತಿಲ್ಲ, ಕೊಡುವಂತಿಲ್ಲ, ಎಸೆಯಲು ಕೈ ಬರುವುದಿಲ್ಲ.

ಜೂನ್ ೧೭, ಮಂಗಳವಾರ

ಕಂಬದ ಹತ್ತಿರ ಸುಧಾರಿಸಿಕೊಳ್ಳುತ್ತ ಹೇಳಿದರು: "ಮನೇಲಿ ನಿನ್ನೆ ದೊಡ್ಡ ಜಗಳ ಅಕ್ಕ. ನಮ್ಮನೆಯವಳು ಹೇಳ್ತಾಳೆ, ಯಾರೋ ಬೇಡದ್ದನ್ನ ನಿಮಗೆ ದಾಟಿಸಿದ್ರು, ನೀವು ಕಣ್ಣಿಗೊತ್ತಿಕೊಂಡು ತಿಂದ್ರಿ ಅಂತ. ಆ ಅಕ್ಕನ ಬಗ್ಗೆ ಇನ್ನೊಂದು ಮಾತಾಡಿದ್ರೆ ಊಟ ಮಾಡಲ್ಲ ಅಂದೆ. ಮಾಡಲೂ ಇಲ್ಲ."

ಸಕ್ಕರೆ ಇರುವವರು ಊಟ ತಪ್ಪಿಸಬಾರದು. ನನಗಾಗಿ ತಪ್ಪಿಸಿದ್ದಾರೆ.

ಜೂನ್ ೧೮, ಬುಧವಾರ

ಹೇಳಿದೆ.

ಸ್ಟೂಲಿನ ಮೇಲೆ ಕೂತು ಹೇಳಿದೆ. ನಾನು ಮಾಡಿದ್ದಲ್ಲ. ಎದುರು ಮನೆಯವರು ಕೊಡುತ್ತಿದ್ದದ್ದು. ನನಗೂ ಸಕ್ಕರೆ, ತಿನ್ನುವ ಹಾಗಿಲ್ಲ. ಎಸೆಯಲು ಬಂದಿದ್ದೆ. ನಿಮ್ಮ ಮನೆಯವರು ಹೇಳಿದ್ದೇ ಸರಿ, ಇವತ್ತು ಹೋಗಿ ಊಟ ಮಾಡಿ.

ಅವರು ಅರ ನಿಲ್ಲಿಸಲಿಲ್ಲ. ಉಜ್ಜುತ್ತಲೇ, "ಆ ಕಾಗದದ ತುಂಬ ಕೆಂಪು ಗೀಟು ಇರ್ತಿತ್ತಲ್ಲ, ಅದೇನು?" ಎಂದರು.

"ಅಚ್ಚಿನ ತಪ್ಪುಗಳು. ತಿದ್ದಿದ ಮೇಲೆ ಆ ಹಾಳೆ ಬೇಕಾಗಲ್ಲ."

"ಓಹೋ. ನಾನು ಮಡಚಿ ಇಟ್ಕೊಂಡಿದ್ದೆ, ಏನೋ ಮುಖ್ಯವಾದದ್ದು ಅಂತ." ಕೀಲಿಯನ್ನು ಬೆಳಕಿಗೆ ಹಿಡಿದರು. "ಎರಡೂ ಬೇಡದ್ದೇ ಅನ್ನಿ."

ಗಿರಾಕಿಯೊಬ್ಬರು ಬಂದರು. ಸ್ಟೂಲು ಬಿಟ್ಟು ಎದ್ದೆ.

ಜೂನ್ ೧೯, ಗುರುವಾರ

"ನೀವು ಮುಂದೆ ನಡೀರಿ ಮೇಡಂ," ಎಂದರು. "ನಿಮಗೆ ಜೋರಾಗಿ ನಡೀಬೇಕಲ್ಲ."

ಮೇಡಂ.

ಮುಂದೆ ಹೋಗಲಿಲ್ಲ. ಎರಡು ಹೆಜ್ಜೆ ಹಿಂದೆ ನಡೆದೆ, ಕಂಬದ ತನಕ, ಮತ್ತೆ ವಾಪಸ್. ಅವರು ಬೇಡ ಎನ್ನಲಿಲ್ಲ. ಬಿಳೀ ನಾಯಿಯೊಂದು ಬಂದಾಗ ಚೀಲ ಬೀಸಿ ಓಡಿಸಿದೆ.

ಜೂನ್ ೨೪, ಮಂಗಳವಾರ

ಇನ್ನೂ ಮೇಡಂ. ಮನೆಯಲ್ಲಿ ಊಟ ಮಾಡುತ್ತಿದ್ದೀರಾ ಎಂದು ಕೇಳಿದೆ, ಹೂಂ ಎಂದರು. ನಡಿಗೆ ಮುಗಿದ ಮೇಲೆ ಗಿರಾಕಿಗಳ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಕೂತೆ. ಒಂದು ಕೀಲಿ ಪೂರ್ತಿಯಾಗುವ ತನಕ ಅವರ ಕೈ ನೋಡುತ್ತಿದ್ದೆ.

ಪದ್ಯದ ಸಾಲಿನ ಉಳಿದರ್ಧ ಇನ್ನೂ ನೆನಪಾಗಿಲ್ಲ. ಹುಡುಕುವುದನ್ನೂ ಬಿಟ್ಟಿದ್ದೇನೆ. ಪಡೆದ ಕೈಯನ್ನು ನಾನು ನೋಡಿಯೇ ಇರಲಿಲ್ಲ. ಅರದ ಧೂಳು ಕೂತ ಬಿರುಕುಗಳು, ತೋರುಬೆರಳಿಗೆ ಒಂದು ಹಳೇ ಗಾಯದ ಕಲೆ.

ಜೂನ್ ೨೮, ಶನಿವಾರ

ಸಂಜೆ ಬಾಗಿಲು ತಟ್ಟಿದರು. ಕೇಕಮ್ಮ. ಕೈಯಲ್ಲಿ ಮುಚ್ಚಿದ ತಟ್ಟೆ, ಮೂಗಿನ ತುದಿಗೆ ಹಿಟ್ಟು. "ಅಂಚು ಉಳೀತು ಕಣ್ರೀ."

ಬಾಗಿಲು ಎಂದಿನಷ್ಟೇ ತೆರೆದಿದ್ದೆ. ಕೈ ಚಾಚಲಿಲ್ಲ. "ನನಗೆ ಬೇಡ," ಎಂದೆ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ: ನನಗೆ ಸಕ್ಕರೆ ಕಾಯಿಲೆ, ನಾಲ್ಕು ತಿಂಗಳಾಯಿತು, ನೀವು ಕೊಟ್ಟ ಒಂದು ಚೂರೂ ತಿಂದಿಲ್ಲ, ಬೀದಿಯಲ್ಲಿ ಕೊಟ್ಟುಬಿಡುತ್ತಿದ್ದೆ, ತಗೊಂಡವರಿಗೂ ಸಕ್ಕರೆ ಇತ್ತು, ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ.

ಅವರು ತಟ್ಟೆಯ ಮೇಲಿನ ಬಟ್ಟೆ ಸರಿಮಾಡಿದರು. ಮೆಟ್ಟಿಲಲ್ಲಿ ಯಾರೋ ಹತ್ತಿ ಹೋದರು.

"ನಾನು ಮಾಡೋದೆಲ್ಲ ಗುಂಡು ಕೇಕು ಕಣ್ರೀ," ಎಂದರು. "ಗುಂಡು ಕೇಕಿಗೆ ಅಂಚೆಲ್ಲಿ ಉಳಿಯುತ್ತೆ? ನಿಮಗೇ ಅಂತ ಒಂದು ಚಿಕ್ಕದು ಬೇರೆ ಮಾಡಿ, ಅಂಚಿನ ಹಾಗೆ ಕತ್ತರಿಸ್ತಿದ್ದೆ. ಸುಮ್ನೆ ಕೊಟ್ರೆ ನೀವು ಇಸ್ಕೊಳ್ಳಲ್ಲ ಅಂತ ಅಂಚು ಅಂತಿದ್ದೆ."

ಅವರು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು, ಹೊರಡುವವರ ಹಾಗೆ ಅರ್ಧ ತಿರುಗಿದರು, ಮತ್ತೆ ನಿಂತರು.

"ನಾಳೆ ಬರಿಗೈಲಿ ಬಂದ್ರೆ," ಎಂದರು, "ಬಾಗಿಲು ತೆಗೀತೀರಾ?"